ಒಡೆಯನೊಬ್ಬ, ಒಕ್ಕಲು ಎರಡು

ಕನ್ನಡದಲ್ಲಿ ‘ಒಕ್ಕಲು’ ಎಂಬ ಮಾತಿಗೆ ಎರಡು ಬಗೆಯ ಬಳಕೆಯುಂಟು. ಜಮೀನುದಾರನ ಹೊಲವನ್ನು ಗೇಣಿಗೆ ಉಳುವವನು ಒಕ್ಕಲು; ಅವನಿಗೂ ಒಡೆಯನಿಗೂ ಇರುವುದು ಕಾಗದಪತ್ರದ ಸಂಬಂಧ, ಸುಗ್ಗಿಯ ಲೆಕ್ಕದ ಸಂಬಂಧ. ಆದರೆ ‘ನಾವು ಮಾದಪ್ಪನ ಒಕ್ಕಲು’, ‘ನಾವು ತಿಮ್ಮಪ್ಪನ ಒಕ್ಕಲು’ ಎಂದು ಹಳ್ಳಿಗನೊಬ್ಬನು ಹೇಳಿದಾಗ ಆ ಮಾತಿನ ಧಾಟಿಯೇ ಬೇರೆ. ಅಲ್ಲಿ ಗೇಣಿಯಿಲ್ಲ, ಕರಾರಿಲ್ಲ; ತಾತ ಮುತ್ತಾತಂದಿರ ಕಾಲದಿಂದ ನಡೆದು ಬಂದ ನಡೆ ಇದೆ. ಗುಡಿಯ ಧರ್ಮದರ್ಶಿಗಳು ಬದಲಾಗಬಹುದು, ಅರ್ಚಕರು ಬದಲಾಗಬಹುದು, ಮುಜರಾಯಿ ಇಲಾಖೆಯವರೇ ಬಂದು ಹುಂಡಿಗೆ ಬೀಗ ಹಾಕಬಹುದು. ಒಕ್ಕಲು ಮಾತ್ರ ಬದಲಾಗುವುದಿಲ್ಲ.

ಆಟದ ತಂಡವೊಂದನ್ನು ನೆಚ್ಚಿ ಅದರ ಬೆನ್ನಿಗೆ ನಿಲ್ಲುವವರನ್ನು ಪತ್ರಿಕೆಗಳು ‘ಅಭಿಮಾನಿಗಳು’ ಎನ್ನುತ್ತವೆ. ‘ಒಕ್ಕಲು’ ಎಂಬುದೇ ಅವರಿಗೆ ಹೆಚ್ಚು ಒಪ್ಪುವ ಹೆಸರೆಂದು ತೋರುತ್ತದೆ. ಈಚಿನ ದಶಕಗಳಲ್ಲಿ ಆಟದ ಲೋಕದಲ್ಲಿ ಒಂದು ಪದ್ಧತಿ ಬಲಿಯುತ್ತಿದೆ: ಒಬ್ಬನೇ ಧಣಿ ಎರಡು ದೇಶಗಳಲ್ಲಿ ಎರಡು ತಂಡಗಳನ್ನು ಕೊಂಡಿಟ್ಟುಕೊಳ್ಳುವುದು. ಕೊಲ್ಕತ್ತದ ಕ್ರಿಕೆಟ್ ತಂಡದ ಒಡೆಯರು ೨೦೧೫ರಲ್ಲಿ ಟ್ರಿನಿಡಾಡಿನ ತಂಡದಲ್ಲಿ ಪಾಲು ಕೊಂಡರು. ಮುಂಬಯಿ ತಂಡದ ಒಡೆಯರು ಕೇಪ್‌ಟೌನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ತಂಡ ಕಟ್ಟಿದರು. ಹೀಗೆ ಹಣದ ಪೆಟ್ಟಿಗೆ ಒಂದಾದಾಗ ಎರಡೂ ಊರಿನ ಒಕ್ಕಲಿಗೆ ಪರಸ್ಪರ ಏನು ಸಂಬಂಧ? ಒಡೆಯನೊಬ್ಬನೇ ಎಂಬ ಕಾರಣಕ್ಕೆ ಅಲ್ಲಿಯವರ ಗೆಲುವಿಗೆ ಇಲ್ಲಿಯವರು ಹಿಗ್ಗಬೇಕೆ? ಅಲ್ಲಿಯವರ ನಷ್ಟಕ್ಕೆ ಇಲ್ಲಿಯವರು ಹೆದರಬೇಕೆ? ಈ ಪ್ರಶ್ನೆಗಳನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದಾದರೆ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಅಮೆರಿಕದ ಬಾಸ್ಟನ್ ನಗರಗಳ ಕಥೆಗಿಂತ ಉತ್ತಮವಾದ ನಿದರ್ಶನ ಸಿಕ್ಕಲಾರದು.

ಈ ಎರಡು ಊರುಗಳ ನಂಟು ಈಗಿನ ಧಣಿಗಿಂತ ಬಹಳ ಹಳೆಯದು. ೧೮೪೦ರ ಜುಲೈ ತಿಂಗಳಲ್ಲಿ ಕ್ಯುನಾರ್ಡ್ ಕಂಪನಿಯ ‘ಬ್ರಿಟಾನಿಯ’ ಎಂಬ ಹೊಗೆಹಡಗು ಲಿವರ್‌ಪೂಲಿನಿಂದ ಹೊರಟು ಹ್ಯಾಲಿಫ್ಯಾಕ್ಸಿನ ಮೂಲಕ ಬಾಸ್ಟನ್ನಿಗೆ ಬಂದು ಸೇರಿತು. ಅಟ್ಲಾಂಟಿಕ್ ಸಾಗರದ ಮೇಲೆ ಆ ಕಂಪನಿ ನಡೆಸಿದ ಟಪಾಲು ಸಂಚಾರ ಅಲ್ಲಿಂದ ಮೊದಲಾಯಿತು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ೧೮೪೨ರ ಜನವರಿಯಲ್ಲಿ ಅಮೆರಿಕವನ್ನು ನೋಡಲು ಹೋದದ್ದು ಇದೇ ಹಡಗಿನಲ್ಲಿ, ಇದೇ ದಾರಿಯಲ್ಲಿ. ಮುಂದೆ ನಾಲ್ಕೈದು ವರ್ಷಗಳಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಘೋರ ಕ್ಷಾಮ ಬಂದಾಗ ಹಸಿದ ಐರಿಷ್ ಜನ ಲಕ್ಷಗಟ್ಟಲೆಯಾಗಿ ಲಿವರ್‌ಪೂಲಿನ ಬಂದರಿಗೆ ಬಂದಿಳಿದರು. ಕೈಯಲ್ಲಿ ನಾಲ್ಕು ಕಾಸಿದ್ದವರು ಅಮೆರಿಕದ ಹಡಗು ಹತ್ತಿದರು. ಇಲ್ಲದವರು ಅಲ್ಲಿಯೇ ಉಳಿದರು. ಹಾಗೆ ಹೊರಟವರಲ್ಲಿ ಅನೇಕರು ಬಾಸ್ಟನ್ನಿನಲ್ಲಿ ನೆಲಸಿದರು. ಒಂದೇ ಹಸಿವು ಅಟ್ಟಿದ ಜನ ಸಾಗರದ ಎರಡು ದಡಗಳಲ್ಲಿ ಎರಡು ಊರುಗಳ ಕೂಲಿಕೇರಿಗಳನ್ನು ತುಂಬಿದರು. ಮುಂದೆ ಶನಿವಾರದ ಮಧ್ಯಾಹ್ನ ಆಟದ ಬಯಲಿಗೆ ಹೋಗಿ ನಿಂತವರಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಬಹಳ ಮಂದಿ.

ಲಿವರ್‌ಪೂಲ್ ಕಾಲ್ಚೆಂಡು ತಂಡದ ಹುಟ್ಟಿನಲ್ಲಿಯೇ ಒಡೆಯನಿಗೂ ಒಕ್ಕಲಿಗೂ ನಡೆದ ಜಗಳವಿದೆ. ಆ್ಯನ್‌ಫೀಲ್ಡ್ ಎಂಬ ಮೈದಾನದಲ್ಲಿ ೧೮೮೪ರಿಂದ ಆಡುತ್ತಿದ್ದುದು ಎವರ್ಟನ್ ಎಂಬ ತಂಡ. ಆ ಮೈದಾನ ಜಾನ್ ಹೌಲ್ಡಿಂಗ್ ಎಂಬ ಬಿಯರ್ ಕಾರಖಾನೆಯ ಸಾಹುಕಾರನ ಹತೋಟಿಯಲ್ಲಿತ್ತು. ಬಾಡಿಗೆಯ ವಿಷಯದಲ್ಲಿಯೂ ಜಮೀನು ಕ್ರಯದ ವಿಷಯದಲ್ಲಿಯೂ ಮನಸ್ತಾಪ ಬೆಳೆದು, ೧೮೯೨ರಲ್ಲಿ ಎವರ್ಟನ್ ತಂಡದವರು ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಗೂಡಿಸನ್ ಪಾರ್ಕಿಗೆ ಹೊರಟುಹೋದರು. ಮೈದಾನವುಂಟು, ಆಡುವವರಿಲ್ಲ ಎಂಬ ಸ್ಥಿತಿಗೆ ಬಂದ ಹೌಲ್ಡಿಂಗ್ ಹೊಸದೊಂದು ತಂಡವನ್ನೇ ಕಟ್ಟಿದನು. ಅದೇ ಇಂದಿನ ಲಿವರ್‌ಪೂಲ್ ತಂಡ. ಒಡೆಯನಿಗೆ ನೆಲ ಉಳಿಯಿತು, ಒಕ್ಕಲು ಎದ್ದುಹೋಯಿತು. ಆ ನೆಲದಲ್ಲಿ ಹೊಸ ಒಕ್ಕಲು ಆಮೇಲೆ ಚಿಗುರಿತು.

ಬಾಸ್ಟನ್ನಿನವರದು ಬೇಸ್‌ಬಾಲ್. ಅದು ನಮ್ಮ ಕ್ರಿಕೆಟ್ಟಿಗೆ ದೂರದ ದಾಯಾದಿಯೆನ್ನಬಹುದು. ೧೯೦೧ರಲ್ಲಿ ಹುಟ್ಟಿ, ಮುಂದೆ ‘ರೆಡ್ ಸಾಕ್ಸ್’ ಎಂದು ಹೆಸರಾದ ಅಲ್ಲಿಯ ತಂಡಕ್ಕೆ ಫೆನ್ವೇ ಪಾರ್ಕ್ ಎಂಬ ಮೈದಾನ ದೊರೆತದ್ದು ೧೯೧೨ರ ಏಪ್ರಿಲಿನಲ್ಲಿ. ಅಲ್ಲಿ ಮೊದಲ ಅಧಿಕೃತ ಪಂದ್ಯ ನಡೆಯುವುದಕ್ಕೆ ಐದು ದಿನ ಮೊದಲು ‘ಟೈಟಾನಿಕ್’ ಮುಳುಗಿತ್ತು. ಆ ಹಡಗಿನ ಬೆನ್ನಿನ ಮೇಲೆ ಬರೆದಿದ್ದ ಊರ ಹೆಸರು ಲಿವರ್‌ಪೂಲ್. ಅದು ನೋಂದಣಿಯಾಗಿದ್ದುದು ಅಲ್ಲಿ. ಲಿವರ್‌ಪೂಲಿನ ಜನ ಪಂದ್ಯಕ್ಕೆ ಮೊದಲು ಕೊರಳೆತ್ತಿ ಹಾಡುವ ಹೆಸರಾಂತ ಹಾಡಿಗೂ ಆಚೆಯ ದಡದ ನಂಟುಂಟು. ಅದು ‘ಕ್ಯಾರೊಸೆಲ್’ ಎಂಬ ಅಮೆರಿಕದ ಸಂಗೀತ ನಾಟಕದ್ದು. ನಾಟಕದ ಕಥೆ ನಡೆಯುವುದು ಬಾಸ್ಟನ್ನಿರುವ ನ್ಯೂ ಇಂಗ್ಲೆಂಡ್ ಪ್ರಾಂತದ ಕಡಲತೀರದಲ್ಲಿ. ೧೯೪೫ರಲ್ಲಿ ನ್ಯೂಯಾರ್ಕಿಗೆ ಹೋಗುವ ಮುನ್ನ ಅದು ಬಾಸ್ಟನ್ನಿನಲ್ಲಿಯೂ ಪ್ರಯೋಗಗೊಂಡಿತ್ತು. ೧೯೬೩ರಲ್ಲಿ ಲಿವರ್‌ಪೂಲಿನ ಗಾಯಕರ ಗುಂಪೊಂದು ಅದನ್ನು ಹಾಡಿ ಮುದ್ರಿಸಿದ ಮೇಲೆ ಆ್ಯನ್‌ಫೀಲ್ಡಿನ ಜನ ಅದನ್ನು ತಮ್ಮದಾಗಿ ಮಾಡಿಕೊಂಡರು. ಯಾರೂ ಮಾರಲಿಲ್ಲ, ಯಾರೂ ಕೊಳ್ಳಲಿಲ್ಲ. ಹಾಡು ತಾನಾಗಿಯೇ ಸಾಗರ ದಾಟಿ ಬಂದಿತು.

ಒಡೆಯನಾದವನು ಏನು ಕೆಡುಕು ಮಾಡಬಲ್ಲನೆಂಬುದನ್ನು ಬಾಸ್ಟನ್ನಿನವರು ಬಹು ಬೇಗ ಕಲಿತರು. ೧೯೧೮ರ ವೇಳೆಗೆ ಅವರ ತಂಡ ಐದು ಬಾರಿ ವಿಶ್ವ ಸರಣಿಯನ್ನು ಗೆದ್ದಿತ್ತು. ಬೇಬ್ ರೂತ್ ಎಂಬ ಅಸಾಮಾನ್ಯ ಆಟಗಾರ ಅವರಲ್ಲಿದ್ದನು. ೧೯೧೬ರಿಂದ ತಂಡದ ಒಡೆಯನಾಗಿದ್ದ ಹ್ಯಾರಿ ಫ್ರೇಜಿ ಮೂಲತಃ ನಾಟಕದ ಕಂಪನಿಗಳ ಮನುಷ್ಯ, ಸಾಲದಲ್ಲಿದ್ದನು. ೧೯೧೯ರ ಡಿಸೆಂಬರಿನಲ್ಲಿ ಆತ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ಎದುರಾಳಿಗಳಾದ ನ್ಯೂಯಾರ್ಕ್ ಯಾಂಕೀ ತಂಡಕ್ಕೆ ಮಾರಿದನು. ಅಷ್ಟೇ ಅಲ್ಲ, ಆ ತಂಡದ ಒಡೆಯನಿಂದಲೇ ಸಾಲ ಪಡೆದು ಅದಕ್ಕೆ ಫೆನ್ವೇ ಮೈದಾನವನ್ನು ಅಡವಿಟ್ಟನು. ಮನೆಯ ಮಗನನ್ನು ಪರರಿಗೆ ಕೊಟ್ಟು, ಮನೆಯನ್ನೂ ಅವರಲ್ಲಿಯೇ ಒತ್ತೆಯಿಟ್ಟಂತೆ ಆಯಿತು! ೧೯೧೮ರ ಗೆಲುವಿನ ಮುಂದೆ ಬಾಸ್ಟನ್ ತಂಡ ಎಂಬತ್ತಾರು ವರ್ಷ ವಿಶ್ವ ಸರಣಿಯನ್ನು ಗೆಲ್ಲಲಿಲ್ಲ. ಜನ ಅದನ್ನು ‘ರೂತ್‌ನ ಶಾಪ’ ಎಂದರು. ಶಾಪವೋ ಅಲ್ಲವೋ, ತಾತ ಕಾದು ಸತ್ತನು, ತಂದೆ ಕಾದು ಸತ್ತನು, ಮಗನು ಕಾಯುತ್ತ ಕುಳಿತನು.

೧೯೩೩ರಲ್ಲಿ ತಂಡವನ್ನು ಕೊಂಡ ಟಾಮ್ ಯಾಕಿ ಉದಾರಿಯೆನಿಸಿಕೊಂಡನು. ಆದರೆ ಅವನ ಕಾಲದಲ್ಲಿ ತಂಡಕ್ಕೆ ಅಂಟಿದ ಕಳಂಕ ಇನ್ನೊಂದು ಬಗೆಯದು. ೧೯೪೫ರಲ್ಲಿ ಜ್ಯಾಕಿ ರಾಬಿನ್ಸನ್ ಎಂಬ ಕಪ್ಪು ಜನಾಂಗದ ಆಟಗಾರ ಫೆನ್ವೇಗೆ ಪರೀಕ್ಷೆಗೆಂದು ಬಂದಾಗ ತಂಡದವರು ಅವನನ್ನು ಸೇರಿಸಿಕೊಳ್ಳಲಿಲ್ಲ. ೧೯೪೭ರಲ್ಲಿ ಅವನೇ ಬ್ರೂಕ್ಲಿನ್ ತಂಡವನ್ನು ಸೇರಿ ಚರಿತ್ರಪುರುಷನಾದನು. ಅಮೆರಿಕದ ಆಗಿನ ದೊಡ್ಡ ತಂಡಗಳೆಲ್ಲವೂ ಕಪ್ಪು ಆಟಗಾರರಿಗೆ ಬಾಗಿಲು ತೆರೆದ ಮೇಲೆ ಕೊಟ್ಟಕೊನೆಗೆ, ೧೯೫೯ರಲ್ಲಿ, ಪಂಪ್ಸಿ ಗ್ರೀನ್ ಎಂಬವನ ಮೂಲಕ ಬಾಸ್ಟನ್ ಬಾಗಿಲು ತೆರೆಯಿತು. ಮೈದಾನದ ಪಕ್ಕದ ಬೀದಿಗೆ ಇಟ್ಟಿದ್ದ ಯಾಕಿಯ ಹೆಸರನ್ನು ೨೦೧೮ರಲ್ಲಿ ತೆಗೆದು ಹಳೆಯ ಹೆಸರನ್ನೇ ಮತ್ತೆ ಇಡಲಾಯಿತು. ಒಡೆಯನ ಹೆಸರನ್ನು ಬೀದಿಯ ಹಲಗೆಯಿಂದ ಒರೆಸಬಹುದು. ಅವನು ಮಾಡಿದ್ದನ್ನು ಒಕ್ಕಲಿನ ನೆನಪಿನಿಂದ ಒರೆಸುವುದು ಸುಲಭವಲ್ಲ.

ಲಿವರ್‌ಪೂಲಿನವರ ಕಷ್ಟ ಬೇರೆ ತೆರದ್ದು. ಬಿಲ್ ಷ್ಯಾಂಕ್ಲಿ ೧೯೫೯ರಿಂದ ೧೯೭೪ರವರೆಗೆ ವ್ಯವಸ್ಥಾಪಕನಾಗಿದ್ದು ಎರಡನೆಯ ದರ್ಜೆಯಲ್ಲಿದ್ದ ತಂಡವನ್ನು ಮೇಲಕ್ಕೆತ್ತಿದನು. ಅವನ ನಂತರದವರು ಅದನ್ನು ಯುರೋಪಿನ ಶಿಖರಕ್ಕೆ ಒಯ್ದರು. ಆದರೆ ೧೯೮೯ರ ಏಪ್ರಿಲ್ ೧೫ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಅದರ ೯೭ ಅಭಿಮಾನಿಗಳು ಪ್ರಾಣ ಬಿಟ್ಟರು. ಸತ್ತವರ ಮೇಲೆಯೇ ತಪ್ಪು ಹೊರಿಸಿದ ಪೋಲೀಸರ ವಿರುದ್ಧ ಆ ಕುಟುಂಬಗಳು ಹೋರಾಡಿದುದು ಇಪ್ಪತ್ತೇಳು ವರ್ಷ. ಅಭಿಮಾನಿಗಳದು ತಪ್ಪಲ್ಲವೆಂದು ಪಂಚರ ತೀರ್ಪು ಬಂದುದು ೨೦೧೬ರಲ್ಲಿ. ಆ ಊರಿನ ಒಕ್ಕಲಿಗೆ ಒಗ್ಗಟ್ಟನ್ನೂ ಮಣಿಯದ ಸ್ವಭಾವವನ್ನೂ ಕಲಿಸಿದುದು ಆಟಕ್ಕಿಂತ ಹೆಚ್ಚಾಗಿ ಈ ದುಃಖವೇ. ಇತ್ತ ಆಟದಲ್ಲಿಯೂ ಇಳಿಗಾಲ ಬಂದಿತು. ೧೯೯೦ರಲ್ಲಿ ದೇಶದ ಪ್ರಶಸ್ತಿ ಗೆದ್ದ ಮೇಲೆ ಮೂವತ್ತು ವರ್ಷ ಅದು ಕೈಗೆ ಸಿಗಲಿಲ್ಲ.

ಎರಡು ಊರುಗಳಿಗೂ ಒಂದೇ ಬಗೆಯ ಪವಾಡ ಏಳು ತಿಂಗಳ ಅಂತರದಲ್ಲಿ ನಡೆಯಿತೆಂಬುದು ಒಂದು ಸೋಜಿಗ. ೨೦೦೪ರ ಅಕ್ಟೋಬರಿನಲ್ಲಿ ಬಾಸ್ಟನ್ ತಂಡ ಯಾಂಕೀಗಳ ವಿರುದ್ಧ ಏಳು ಪಂದ್ಯಗಳ ಸರಣಿಯಲ್ಲಿ ಮೊದಲ ಮೂರನ್ನು ಸೋತಿತ್ತು. ಆ ಸ್ಥಿತಿಯಿಂದ ಯಾವ ಬೇಸ್‌ಬಾಲ್ ತಂಡವೂ ಎದ್ದು ಬಂದದ್ದಿರಲಿಲ್ಲ. ಬಾಸ್ಟನ್ ನಾಲ್ಕನ್ನೂ ಸಾಲಾಗಿ ಗೆದ್ದು, ಮುಂದೆ ಸೇಂಟ್ ಲೂಯಿಸ್ ತಂಡವನ್ನೂ ಕೆಡವಿ, ಅಕ್ಟೋಬರ್ ೨೭ರ ರಾತ್ರಿ ಚಂದ್ರಗ್ರಹಣದ ನಡುವೆ ವಿಶ್ವ ಸರಣಿಯನ್ನು ಗೆದ್ದುಕೊಂಡಿತು. ಮರುದಿನ ಎಷ್ಟೋ ಜನ ಸ್ಮಶಾನಗಳಿಗೆ ಹೋಗಿ ಅಪ್ಪಂದಿರ, ತಾತಂದಿರ ಸಮಾಧಿಗಳ ಮೇಲೆ ತಂಡದ ಬಾವುಟಗಳನ್ನೂ ಟೋಪಿಗಳನ್ನೂ ಇಟ್ಟು ಬಂದರು. ೨೦೦೫ರ ಮೇ ೨೫ರಂದು ಇಸ್ತಾಂಬುಲಿನಲ್ಲಿ ಮಿಲಾನ್ ತಂಡದೆದುರು ಅರ್ಧ ಆಟಕ್ಕೆ ಮೂರು ಗೋಲು ಹಿಂದಿದ್ದ ಲಿವರ್‌ಪೂಲ್ ಸಮ ಮಾಡಿಕೊಂಡು, ಕೊನೆಗೆ ಪೆನಾಲ್ಟಿಗಳಲ್ಲಿ ಗೆದ್ದು ಯುರೋಪಿನ ಪ್ರಶಸ್ತಿಯನ್ನು ತಂದಿತು. ಆಗ ಈ ಎರಡು ತಂಡಗಳಿಗೂ ಒಡೆಯ ಒಬ್ಬನಾಗಿರಲಿಲ್ಲ. ಒಂದೇ ಮುಷ್ಟಿಗೆ ಬರುವ ಮೊದಲೇ ಎರಡು ಊರಿನ ಒಕ್ಕಲೂ ಒಂದೇ ಪಾಠವನ್ನು ಓದಿ ಮುಗಿಸಿದ್ದರು.

ಸಾಗರದಾಚೆಯ ಒಡೆಯನ ಮೊದಲ ಅನುಭವ ಲಿವರ್‌ಪೂಲಿಗೆ ಕಹಿಯಾಯಿತು. ೨೦೦೭ರ ಫೆಬ್ರವರಿಯಲ್ಲಿ ಟಾಮ್ ಹಿಕ್ಸ್, ಜಾರ್ಜ್ ಜಿಲೆಟ್ ಎಂಬ ಇಬ್ಬರು ಅಮೆರಿಕನ್ನರು ತಂಡವನ್ನು ಕೊಂಡರು. ಹಿಕ್ಸ್‌ನಿಗೆ ಟೆಕ್ಸಾಸಿನಲ್ಲಿ ‘ರೇಂಜರ್ಸ್’ ಎಂಬ ಬೇಸ್‌ಬಾಲ್ ತಂಡವೂ ಇತ್ತು. ಜಿಲೆಟ್ಟನಿಗೆ ಕೆನಡದ ಮಾಂಟ್ರಿಯಲಿನಲ್ಲಿ ಹಾಕಿ ತಂಡವಿತ್ತು. ಅರುವತ್ತು ದಿನಗಳೊಳಗೆ ಹೊಸ ಮೈದಾನಕ್ಕೆ ಗುದ್ದಲಿ ಬೀಳುವುದೆಂದರು, ಬೀಳಲೇ ಇಲ್ಲ. ಕೊಳ್ಳಲು ಮಾಡಿದ್ದ ಸಾಲದ ಹೊರೆ ತಂಡದ ಹೆಗಲ ಮೇಲೆಯೇ ಬಂದು ಕುಳಿತಿತು. ೨೦೦೮ರ ಜನವರಿಯಲ್ಲಿ ಆ್ಯನ್‌ಫೀಲ್ಡಿನ ಪಕ್ಕದ ‘ಸ್ಯಾಂಡನ್’ ಪಾನಗೃಹದಲ್ಲಿ ಅಭಿಮಾನಿಗಳು ಸಭೆ ಸೇರಿ ಷ್ಯಾಂಕ್ಲಿಯ ಹೆಸರಿನಲ್ಲಿ ಸಂಘವೊಂದನ್ನು ಕಟ್ಟಿದರು. ಈ ಸ್ಯಾಂಡನ್ ಹಿಂದೊಮ್ಮೆ ಅದೇ ಹೌಲ್ಡಿಂಗ್ ಸಾಹುಕಾರನದಾಗಿತ್ತು! ಒಡೆಯ ತಂಡವನ್ನು ಕಟ್ಟಿದ ಕಾಲದ ಮನೆಯಲ್ಲಿಯೇ ಒಡೆಯರನ್ನು ಓಡಿಸುವ ಸಂಘ ಹುಟ್ಟಿತು.

ಒಬ್ಬ ಒಡೆಯನ ಕೈಯಲ್ಲಿ ಎರಡು ತಂಡಗಳಿದ್ದರೆ ಏನಾಗಬಹುದೆಂಬುದು ೨೦೧೦ರಲ್ಲಿ ಗೊತ್ತಾಯಿತು. ಆ ಮೇ ತಿಂಗಳಲ್ಲಿ ರೇಂಜರ್ಸ್ ತಂಡ ದಿವಾಳಿಯ ಅರ್ಜಿ ಹಾಕಿ, ಆಗಸ್ಟಿನಲ್ಲಿ ಹರಾಜಾಯಿತು. ಹೊಸ ಒಡೆಯರ ಕೈಗೆ ಬಂದ ಕೆಲವೇ ವಾರಗಳಲ್ಲಿ ಅದು ತನ್ನ ಚರಿತ್ರೆಯಲ್ಲಿಯೇ ಮೊದಲ ಬಾರಿಗೆ ವಿಶ್ವ ಸರಣಿಗೆ ಏರಿತು. ಲಿವರ್‌ಪೂಲ್ ಮಾತ್ರ ಪಟ್ಟಿಯ ಕೆಳತುದಿಗೆ ಜಾರಿತ್ತು. ಸಾಲ ಕೊಟ್ಟ ಬ್ಯಾಂಕು ಬಾಗಿಲು ಬಡಿಯಿತು. ಮಾರಾಟಕ್ಕೆ ಒಪ್ಪದ ಹಿಕ್ಸ್ ಮತ್ತು ಜಿಲೆಟ್ ಟೆಕ್ಸಾಸಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಲಂಡನ್ನಿನ ಉಚ್ಚ ನ್ಯಾಯಾಲಯ ಅದಕ್ಕೆ ಮನ್ನಣೆ ಕೊಡಲಿಲ್ಲ. ಲಿವರ್‌ಪೂಲಿನ ಹಣೆಬರಹದ ವ್ಯಾಜ್ಯ ನಡೆದದ್ದು ಡಾಲಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ. ಲಿವರ್‌ಪೂಲಿನವರು ಬೀದಿಯಲ್ಲಿ ನಿಂತು ಕಾಯುತ್ತಿದ್ದರು. ಕೊನೆಗೆ ಅಕ್ಟೋಬರ್ ೧೫ರಂದು ೩೦ ಕೋಟಿ ಪೌಂಡಿಗೆ ತಂಡ ಕೈ ಬದಲಾಯಿಸಿತು. ಕೊಂಡವನು ಬಾಸ್ಟನ್ನಿನ ರೆಡ್ ಸಾಕ್ಸ್ ತಂಡದ ಒಡೆಯ ಜಾನ್ ಹೆನ್ರಿ ಮತ್ತು ಅವನ ಪಾಲುದಾರರು.

ಈ ಹೆನ್ರಿ ರೈತನ ಮಗ. ಸೋಯಾ ಮೊದಲಾದ ಧಾನ್ಯಗಳ ವಾಯಿದೆ ವ್ಯಾಪಾರದಲ್ಲಿ ಅಂಕಿಅಂಶಗಳ ಲೆಕ್ಕದಿಂದ ಸಂಪತ್ತು ಗಳಿಸಿದವನು. ೨೦೦೨ರಲ್ಲಿ ಬಾಸ್ಟನ್ ತಂಡವನ್ನು ಕೊಂಡು, ಅಲ್ಲಿಯೂ ಲೆಕ್ಕವನ್ನೇ ನಂಬಿ, ಎರಡು ವರ್ಷದಲ್ಲಿ ಎಂಬತ್ತಾರು ವರ್ಷದ ಬರವನ್ನು ನೀಗಿಸಿದ್ದನು. ಹೊಸ ಒಡೆಯನ ಬಗ್ಗೆ ಲಿವರ್‌ಪೂಲಿನವರು ತಿಳಿಯಬೇಕಾದದ್ದೆಲ್ಲ ಬಾಸ್ಟನ್ನಿನವರ ಎಂಟು ವರ್ಷದ ಅನುಭವದಲ್ಲಿ ಇತ್ತು. ಒಂದು ಮುಖ್ಯ ಸಂಗತಿಯೆಂದರೆ ಫೆನ್ವೇ ಮೈದಾನದ್ದು. ಹಿಂದಿನ ಆಡಳಿತದವರು ಆ ಹಳೆಯ ಮೈದಾನವನ್ನು ಬಿಟ್ಟು ಹೊಸದನ್ನು ಕಟ್ಟಲು ೧೯೯೯ರಲ್ಲಿ ಯೋಜನೆ ಹಾಕಿದ್ದರು. ಹೆನ್ರಿಯ ಗುಂಪು ಅದನ್ನು ಕೈಬಿಟ್ಟು, ಸುಮಾರು ೩೭ ಅಡಿ ಎತ್ತರದ ಪ್ರಸಿದ್ಧ ಹಸುರು ಗೋಡೆಯ ನೆತ್ತಿಯ ಮೇಲೆಯೂ ಆಸನಗಳನ್ನಿಟ್ಟು ಹಳೆಯದನ್ನೇ ಉಳಿಸಿತು. ಲಿವರ್‌ಪೂಲಿನಲ್ಲಿಯೂ ಹೀಗೆಯೇ ಆಯಿತು. ಪಕ್ಕದ ಸ್ಟ್ಯಾನ್ಲಿ ಪಾರ್ಕಿಗೆ ಹೋಗುವ ಮಾತನ್ನು ಬಿಟ್ಟು ಆ್ಯನ್‌ಫೀಲ್ಡಿನ ಮುಖ್ಯ ಅಟ್ಟಣೆಯನ್ನು ಎತ್ತರಿಸಿ ೨೦೧೬ರಲ್ಲಿ ತೆರೆದರು. ಮುಂದೆ ಇನ್ನೊಂದು ಬದಿಯನ್ನೂ ಬೆಳೆಸಿ ೬೧,೦೦೦ಕ್ಕೂ ಹೆಚ್ಚು ಜನಕ್ಕೆ ಸ್ಥಳ ಮಾಡಿದರು. ನೆಲದ ಬೆಲೆಗಿಂತ ನೆಲದ ನೆನಪಿಗೆ ಬೆಲೆ ಹೆಚ್ಚೆಂಬುದನ್ನು ಈ ಲೆಕ್ಕಿಗನು ಅರಿತಿದ್ದನೆಂದು ಒಪ್ಪಲೇಬೇಕು.

ಫಲಗಳೂ ಬಂದವು. ಬಾಸ್ಟನ್ ೨೦೦೭, ೨೦೧೩, ೨೦೧೮ರಲ್ಲಿ ಮತ್ತೆ ಗೆದ್ದಿತು. ೨೦೧೫ರಲ್ಲಿ ಲಿವರ್‌ಪೂಲಿಗೆ ಬಂದ ಜರ್ಮನಿಯ ಯೂರ್ಗೆನ್ ಕ್ಲಾಪ್ ೨೦೧೯ರಲ್ಲಿ ಯುರೋಪಿನ ಪ್ರಶಸ್ತಿಯನ್ನೂ ೨೦೨೦ರಲ್ಲಿ ಮೂವತ್ತು ವರ್ಷ ಕಾದ ದೇಶದ ಪ್ರಶಸ್ತಿಯನ್ನೂ ತಂದುಕೊಟ್ಟನು. ೨೦೧೮ರ ಅಕ್ಟೋಬರಿನಿಂದ ೨೦೧೯ರ ಜೂನಿನವರೆಗಿನ ಎಂಟು ತಿಂಗಳೊಳಗೆ ಒಬ್ಬನೇ ಒಡೆಯನ ಎರಡು ತಂಡಗಳು ಎರಡು ಆಟಗಳ ಶಿಖರವನ್ನು ಏರಿದ್ದವು. ೨೦೧೨ರ ಜುಲೈಯಲ್ಲಿ ಲಿವರ್‌ಪೂಲ್ ತಂಡ ಫೆನ್ವೇ ಪಾರ್ಕಿಗೇ ಹೋಗಿ ರೋಮಾ ತಂಡದೊಡನೆ ಸ್ನೇಹ ಪಂದ್ಯವಾಡಿತ್ತು. ಬೇಸ್‌ಬಾಲ್ ಮೈದಾನದ ಮೇಲೆ ಕಾಲ್ಚೆಂಡಿನ ಗೆರೆ ಎಳೆದಾಗ ಎರಡು ಒಕ್ಕಲೂ ಒಂದಾಗಿ ಹೋದವೆಂದು ಧಣಿಗಳಿಗೆ ಅನ್ನಿಸಿರಬಹುದು.

ಆದರೆ ಒಕ್ಕಲಿನ ಮನಸ್ಸು ಅಷ್ಟು ಸುಲಭವಲ್ಲ. ಹೊಸ ಅಟ್ಟಣೆಯ ಅತಿ ಹೆಚ್ಚಿನ ಚೀಟಿಯ ದರ ೭೭ ಪೌಂಡೆಂದು ಗೊತ್ತಾದಾಗ, ೨೦೧೬ರ ಫೆಬ್ರವರಿ ೬ರಂದು ಸಂಡರ್ಲೆಂಡಿನ ವಿರುದ್ಧ ಪಂದ್ಯದ ೭೭ನೆಯ ನಿಮಿಷಕ್ಕೆ ಸರಿಯಾಗಿ ಸುಮಾರು ಹತ್ತು ಸಾವಿರ ಜನ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ ಎರಡು ಗೋಲು ಮುಂದಿತ್ತು. ಅವರು ಹೋದ ಮೇಲೆ ಎದುರಾಳಿಗಳು ಎರಡು ಗೋಲು ಹೊಡೆದು ಸಮ ಮಾಡಿಕೊಂಡರು. ನಾಲ್ಕೇ ದಿನಗಳಲ್ಲಿ ಒಡೆಯರು ಕ್ಷಮೆ ಕೇಳಿ ಆ ದರವನ್ನು ರದ್ದುಗೊಳಿಸಿದರು. ಗೆಲ್ಲುತ್ತಿರುವ ತಂಡವನ್ನು ಬಿಟ್ಟು ಎದ್ದುಹೋಗುವುದು ಒಕ್ಕಲಿಗೆ ಉಪವಾಸದ ವ್ರತವಿದ್ದ ಹಾಗೆ: ನೋವು ಮೊದಲು ತನಗೆ, ಆಮೇಲೆ ಒಡೆಯನಿಗೆ.

೨೦೨೦ರ ಫೆಬ್ರವರಿಯಲ್ಲಿ ಬಾಸ್ಟನ್ನಿನವರ ಸರದಿ. ಮೂಕಿ ಬೆಟ್ಸ್ ಎಂಬ ಅವರ ಮೆಚ್ಚಿನ ಆಟಗಾರನನ್ನು, ೨೦೧೮ರ ಗೆಲುವಿನ ಜೀವಾಳವಾಗಿದ್ದವನನ್ನು, ಲಾಸ್ ಏಂಜಲೀಸಿನ ತಂಡಕ್ಕೆ ಕೊಟ್ಟುಬಿಟ್ಟರು. ರೂತ್‌ನನ್ನು ಮಾರಿದ ಸುದ್ದಿ ಹೊರಬಿದ್ದದ್ದು ೧೯೨೦ರ ಜನವರಿಯಲ್ಲಿ. ಇದಕ್ಕೆ ಸರಿಯಾಗಿ ನೂರು ವರ್ಷ. ಬೆಟ್ಸ್ ಸೇರಿದ ತಂಡ ಅದೇ ವರ್ಷ ವಿಶ್ವ ಸರಣಿಯನ್ನು ಗೆದ್ದಿತು. ಫ್ರೇಜಿಯಂತೆ ಹೆನ್ರಿ ಸಾಲಗಾರನಲ್ಲ, ಲೆಕ್ಕ ಹಾಕಿದ್ದನು. ಇವನು ಮುಂದೆ ಕೇಳುವ ಸಂಬಳ ತಂಡಕ್ಕೆ ಲಾಭದಾಯಕವಲ್ಲವೆಂಬುದು ಆ ಲೆಕ್ಕ. ಎಂಬತ್ತಾರು ವರ್ಷದ ಬರವನ್ನು ನೀಗಿಸಿದ ಲೆಕ್ಕವೇ ಇಲ್ಲಿ ಒಕ್ಕಲಿನ ಎದೆಗೆ ಚುಚ್ಚಿತು. ಇದನ್ನು ಓದಿದ ಲಿವರ್‌ಪೂಲಿನವನೊಬ್ಬನು ತನ್ನ ತಂಡದ ನೆಚ್ಚಿನ ಆಟಗಾರನ ಕರಾರು ಯಾವಾಗ ಮುಗಿಯುವುದೆಂದು ಲೆಕ್ಕ ಹಾಕಿದರೆ ಅದು ಸಹಜವೇ ಅಲ್ಲವೆ?

೨೦೨೧ರ ಏಪ್ರಿಲ್ ೧೮ರಂದು ಇನ್ನೂ ದೊಡ್ಡ ಪೆಟ್ಟು ಬಿದ್ದಿತು. ಯುರೋಪಿನ ಹನ್ನೆರಡು ಸಿರಿವಂತ ತಂಡಗಳು ಸೇರಿ ತಮ್ಮದೇ ಪ್ರತ್ಯೇಕ ಕೂಟವನ್ನು ಕಟ್ಟುವುದಾಗಿ ಸಾರಿದವು, ಲಿವರ್‌ಪೂಲ್ ಅದರಲ್ಲೊಂದು. ಸೋತರೂ ಕೆಳಗಿಳಿಯುವ ಭಯವಿಲ್ಲದೆ ಸ್ಥಾಪಕ ತಂಡಗಳು ಅಲ್ಲಿ ಖಾಯಮ್ಮಾಗಿರುವ ಏರ್ಪಾಡು ಅಮೆರಿಕದ ಆಟಗಳ ಪದ್ಧತಿ. ಬಾಸ್ಟನ್ನಿನಲ್ಲಿ ಅದರಿಂದ ಯಾರಿಗೂ ಬೇಸರವಿಲ್ಲ. ಇಂಗ್ಲೆಂಡಿನಲ್ಲಿ ಅದು ಅಧರ್ಮವೆನಿಸಿತು. ಅಭಿಮಾನಿಗಳು ಆ್ಯನ್‌ಫೀಲ್ಡಿನಲ್ಲಿ ಕಟ್ಟಿದ್ದ ತಮ್ಮ ಬಾವುಟಗಳನ್ನು ಬಿಚ್ಚಿಕೊಳ್ಳಲು ಮುಂದಾದರು, ಆಟಗಾರರೂ ಒಪ್ಪಲಿಲ್ಲ. ಎರಡು ದಿನಗಳಲ್ಲಿ ತಂಡ ಹಿಂದೆ ಸರಿಯಿತು. ಹೆನ್ರಿ ಚಿತ್ರಮುದ್ರಿಕೆಯಲ್ಲಿ ಕಾಣಿಸಿಕೊಂಡು, ಹೊಣೆಯೆಲ್ಲ ತನ್ನದೇ ಎಂದು ಕ್ಷಮೆ ಬೇಡಿದನು. ಒಂದು ಒಕ್ಕಲಿಗೆ ಒಗ್ಗಿದ ಪದ್ಧತಿಯನ್ನು ಇನ್ನೊಂದು ಒಕ್ಕಲಿಗೆ ಹೇರಲು ಹೋದದ್ದೇ ಇಲ್ಲಿಯ ಎಡವು. ಪೆಟ್ಟಿಗೆ ಒಂದಾದರೂ ಪರಂಪರೆ ಎರಡೆಂಬುದನ್ನು ಆ ಎರಡು ದಿನಗಳು ಕಲಿಸಿದವು. ಆಮೇಲೆ ಮುಖ್ಯ ವಿಷಯಗಳಲ್ಲಿ ಸಮಾಲೋಚಿಸಲು ಅಭಿಮಾನಿಗಳದೊಂದು ಮಂಡಲಿಯನ್ನು ಕ್ಲಬ್ಬು ಅಂಗೀಕರಿಸಿತು.

೨೦೨೫ರ ಬೇಸಗೆ ಈ ಕಥೆಗೆ ಒಂದು ತಿರುವು ಕೊಟ್ಟಿತು. ಆ ಏಪ್ರಿಲಿನಲ್ಲಿ ಲಿವರ್‌ಪೂಲ್ ತನ್ನ ಇಪ್ಪತ್ತನೆಯ ದೇಶ ಪ್ರಶಸ್ತಿಯನ್ನು ಗೆದ್ದಿತು. ಜೂನ್ ೧೫ರಂದು ಬಾಸ್ಟನ್ ತನ್ನ ಮುಖ್ಯ ದಾಂಡಿಗ ರಫಾಯೆಲ್ ಡೆವರ್ಸನನ್ನು ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಸಾಗಹಾಕಿತು. ಅವನಿಗೆ ಹತ್ತು ವರ್ಷದ ಕರಾರು ಬರೆದುಕೊಟ್ಟು ಇನ್ನೂ ಎರಡೂವರೆ ವರ್ಷವಾಗಿರಲಿಲ್ಲ. ಸೆಪ್ಟೆಂಬರ್ ೧ರಂದು ಲಿವರ್‌ಪೂಲ್ ಅಲೆಕ್ಸಾಂಡರ್ ಇಸಾಕ್ ಎಂಬ ಒಬ್ಬನೇ ಆಟಗಾರನಿಗೆ ೧೨ ಕೋಟಿ ೫೦ ಲಕ್ಷ ಪೌಂಡು ಕೊಟ್ಟಿತು. ಅಲ್ಲಿ ಉಳಿಸಿದ ಹಣವೇ ಇಲ್ಲಿ ಖರ್ಚಾಯಿತೆನ್ನುವುದಕ್ಕೆ ಲೆಕ್ಕದ ಪುಸ್ತಕ ಬೇಕು. ಸಂಶಯಕ್ಕೆ ಯಾವ ಪುಸ್ತಕವೂ ಬೇಡ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಹೊಸ ಅಂಗಿ ಬಂದ ದಿನ ಇನ್ನೊಬ್ಬನ ಕೈಯ ಆಟಿಕೆ ಮಾರಿದರೆ ತಂದೆಯ ಸಮಜಾಯಿಷಿಯನ್ನು ಯಾರು ಕೇಳುತ್ತಾರೆ? ಹೆನ್ರಿ ೨೦೧೩ರಲ್ಲಿ ಬಾಸ್ಟನ್ನಿನ ಹಿರಿಯ ದಿನಪತ್ರಿಕೆ ‘ಗ್ಲೋಬ್’ ಅನ್ನು ಕೊಂಡಿದ್ದನು. ೨೦೨೧ರಲ್ಲಿ ಅವನ ಗುಂಪು ಪಿಟ್ಸ್‌ಬರ್ಗಿನ ಹಾಕಿ ತಂಡವನ್ನೂ ಕೊಂಡಿತು. ಮನೆ ದೊಡ್ಡದಾದಷ್ಟೂ ಮಕ್ಕಳ ದೂರೂ ಹೆಚ್ಚು.

ಎರಡು ತಂಡಗಳ ಆಟ ಬೇರೆ ಬೇರೆಯಾಗಿರುವುದರಿಂದ ಇಲ್ಲಿ ಒಂದು ತೊಡಕು ತಪ್ಪಿದೆ. ಎರಡೂ ಒಂದೇ ಆಟದವಾದರೆ ಎದುರುಬದುರಾದಾಗ ಒಡೆಯ ಯಾರ ಪಕ್ಷ? ಈ ಶಂಕೆಗೆಂದೇ ಯುರೋಪಿನ ಕಾಲ್ಚೆಂಡು ಮಂಡಲಿ, ಒಬ್ಬನ ಹತೋಟಿಯ ಎರಡು ತಂಡಗಳು ಒಂದೇ ಪಂದ್ಯಾವಳಿಯಲ್ಲಿ ಇರಕೂಡದೆಂದು ನಿಯಮ ಮಾಡಿದೆ. ೨೦೨೫ರ ಮೇ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ತಂಡ ತನ್ನ ಚರಿತ್ರೆಯ ಮೊದಲ ದೊಡ್ಡ ಪ್ರಶಸ್ತಿಯನ್ನು ಗೆದ್ದು ಯುರೋಪಿನ ಪಂದ್ಯಾವಳಿಗೆ ಅರ್ಹವಾಯಿತು. ಆದರೆ ಅದರ ಪಾಲುದಾರನೊಬ್ಬನಿಗೆ ಫ್ರಾನ್ಸಿನ ಲಿಯೋನ್ ತಂಡವೂ ಇದ್ದುದರಿಂದ ಅದನ್ನು ಕೆಳಗಿನ ಪಂದ್ಯಾವಳಿಗೆ ಇಳಿಸಲಾಯಿತು. ಆಗಸ್ಟಿನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ನೂರು ವರ್ಷಕ್ಕೂ ಮೀರಿ ಕಾದ ಒಕ್ಕಲಿಗೆ ಗೆಲುವಿನ ಊಟ ಬಡಿಸಿ, ಒಡೆಯನ ಇನ್ನೊಂದು ಮನೆಯ ಸೂತಕವೆಂದು ಎಲೆ ಎಳೆದುಕೊಂಡ ಹಾಗೆ ಆಯಿತು.

ನಮ್ಮ ನಾಡಿಗೂ ಈ ಚರ್ಚೆ ಹೊರಗಿನದಲ್ಲ. ಬೆಂಗಳೂರಿನ ಐ.ಪಿ.ಎಲ್. ತಂಡವನ್ನು ೨೦೦೮ರಲ್ಲಿ ಕೊಂಡದ್ದು ಹೌಲ್ಡಿಂಗಿನ ಹಾಗೆಯೇ ಮದ್ಯದ ಉದ್ಯಮಿ. ಮುಂದೆ ಆ ಕಂಪನಿಯ ಹತೋಟಿ ಬ್ರಿಟನ್ನಿನ ಡಿಯಾಜಿಯೊ ಸಂಸ್ಥೆಗೆ ಹೋಯಿತು. ಒಡೆತನ ಸಾಗರ ದಾಟಿದ್ದು ಎಷ್ಟು ಜನ ಅಭಿಮಾನಿಗಳ ಗಮನಕ್ಕೆ ಬಂದಿತು? ಅವರು ಕಾದದ್ದು ಹದಿನೇಳು ವರ್ಷ. ೨೦೨೫ರ ಜೂನ್ ೩ರಂದು ಪ್ರಶಸ್ತಿ ಬಂದಿತು. ಮರುದಿನ ಚಿನ್ನಸ್ವಾಮಿ ಮೈದಾನದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಹನ್ನೊಂದು ಜನ ಸತ್ತರು. ಹಾಗೆ ಬಂದು ನಿಂತವರು ಯಾವ ಕಂಪನಿಯ ಹೆಸರನ್ನೂ ಜಪಿಸುತ್ತ ಬಂದವರಲ್ಲ. ತಮ್ಮ ಊರಿನ ಹೆಸರನ್ನು ಕೂಗುತ್ತ ಬಂದವರು.

ಹಾಗಾದರೆ ಒಡೆಯನೊಬ್ಬನೇ ಎಂಬ ಕಾರಣಕ್ಕೆ ಇನ್ನೊಂದು ತಂಡವನ್ನೂ ನೆಚ್ಚಬೇಕೆ? ಬೇಕಾಗಿಲ್ಲವೆಂದೇ ಈ ಚರಿತ್ರೆ ಹೇಳುತ್ತದೆ. ಭಕ್ತಿಯನ್ನು ಕ್ರಯಪತ್ರದಲ್ಲಿ ಸೇರಿಸಲು ಬರುವುದಿಲ್ಲ. ಆದರೆ ಸಾಗರದಾಚೆಯ ಒಕ್ಕಲನ್ನು ಮರೆಯುವುದೂ ಜಾಣತನವಲ್ಲ. ಬಾಸ್ಟನ್ನಿನವರ ೨೦೦೪ ಲಿವರ್‌ಪೂಲಿಗೆ ಭರವಸೆಯಾಯಿತು. ಬಾಸ್ಟನ್ನಿನವರ ೨೦೨೦ ಎಚ್ಚರಿಕೆಯಾಯಿತು. ಲಿವರ್‌ಪೂಲಿನವರ ೭೭ನೆಯ ನಿಮಿಷದಲ್ಲಿ ಬಾಸ್ಟನ್ನಿನವರು ಕಲಿಯಬೇಕಾದ ಪಾಠವಿದೆ: ಈ ಒಡೆಯ ಕಿವುಡನಲ್ಲ, ಒಟ್ಟಾಗಿ ಎದ್ದು ನಿಂತರೆ ಕೇಳಿಸಿಕೊಳ್ಳುತ್ತಾನೆ. ಒಂದೇ ಕೆರೆಯ ನೀರು ಹರಿಯುವ ಎರಡು ಊರುಗಳವರು ಒಬ್ಬರ ದೇವರಿಗೆ ಇನ್ನೊಬ್ಬರು ಹರಕೆ ಹೊರಬೇಕಾಗಿಲ್ಲ. ಆದರೆ ತೂಬನ್ನು ಯಾವಾಗ, ಯಾರು ಎತ್ತಿದರೆಂಬ ಸುದ್ದಿಯನ್ನು ಪರಸ್ಪರ ಕೇಳಿ ತಿಳಿದಿರಬೇಕು.

ಮೂವತ್ತು ಕೋಟಿ ಪೌಂಡು ಕೊಟ್ಟು ಹೆನ್ರಿ ಕೊಂಡದ್ದಾದರೂ ಏನು? ಇಟ್ಟಿಗೆಯೂ ಹುಲ್ಲೂ ಆಟಗಾರರ ಕರಾರುಗಳೂ ಅಷ್ಟು ಬೆಲೆ ಬಾಳುವುದಿಲ್ಲ. ಆ ಬೆಲೆ ಬಂದದ್ದು ನೂರು ವರ್ಷ ಮಳೆಯಲ್ಲಿ ನಿಂತು ಹಾಡಿದವರಿಂದ, ಸಮಾಧಿಗಳ ಮೇಲೆ ಬಾವುಟ ಇಟ್ಟವರಂಥವರಿಂದ. ಒಡೆಯನು ಕೊಂಡದ್ದು ಒಕ್ಕಲು ಬೆಳೆಸಿದ ಬೆಳೆಯನ್ನು. ಅದನ್ನು ಮಾರುವ ಹಕ್ಕು ಅವನಿಗೆ ಕಾನೂನಿನಲ್ಲಿ ಉಂಟು. ಅವನು ಮಾರಿಹೋದ ಮೇಲೆಯೂ ಅದೇ ನೆಲದಲ್ಲಿ ನಿಂತಿರುವವರು ಯಾರೆಂಬುದಕ್ಕೆ ಹೌಲ್ಡಿಂಗ್, ಫ್ರೇಜಿ, ಯಾಕಿ, ಹಿಕ್ಸ್ ಇವರ ಚರಿತ್ರೆಯೇ ಸಾಕ್ಷಿ. ಅವರೆಲ್ಲ ಹೋದರು. ಶನಿವಾರ ಬಂದರೆ ಆ್ಯನ್‌ಫೀಲ್ಡಿನ ಬಾಗಿಲಲ್ಲಿ ಸಾಲು ನಿಲ್ಲುವವರು ಹೋಗಿಲ್ಲ.